ಬೀಗ ಬಿದ್ದ ಬಾಯಿಗೆ ಎರಡು ಸೂಜಿ

ದೇಹದಲ್ಲಿ ಹೆಚ್ಚು ದುಡಿಯುವ ಕೀಲು ಯಾವುದೆಂದು ಕೇಳಿದರೆ ಬಹುಮಂದಿ ಮೊಣಕಾಲನ್ನೋ ಭುಜವನ್ನೋ ತೋರಿಸುವರು. ದವಡೆಯ ಕೀಲಿನ ನೆನಪು ಯಾರಿಗೂ ಬರುವುದಿಲ್ಲ. ಆದರೆ ಉಣ್ಣುವಾಗ, ಮಾತನಾಡುವಾಗ, ಆಕಳಿಸುವಾಗ, ಎಂಜಲು ನುಂಗುವಾಗ ಸಹ ಈ ಕೀಲು ಕೆಲಸ ಮಾಡುತ್ತಲೇ ಇರುತ್ತದೆ. ವಾಚಕರು ಎರಡು ಕಿವಿಗಳ ಮುಂದೆಯೂ ತೋರುಬೆರಳುಗಳನ್ನು ಮೆಲ್ಲನೆ ಇಟ್ಟು ಬಾಯಿಯನ್ನು ತೆರೆದು ಮುಚ್ಚಿ ನೋಡಲಿ. ಚರ್ಮದ ಕೆಳಗೆ ಒಂದು ಗುಂಡನೆಯ ಎಲುಬು ಮುಂದಕ್ಕೆ ಜಾರಿ ಹಿಂದಕ್ಕೆ ಬರುವುದು ಬೆರಳಿಗೆ ಗೊತ್ತಾಗುತ್ತದೆ. ಅದೇ ಕೆಳದವಡೆಯ ತಲೆ. ಅದು ತಲೆಬುರುಡೆಯೊಡನೆ ಕೂಡುವ ಸ್ಥಾನವೇ ದವಡೆಯ ಕೀಲು.

ಈ ಕೀಲು ಸುಸ್ಥಿತಿಯಲ್ಲಿರುವಷ್ಟು ಕಾಲ ಅದು ಇದೆಯೆಂಬುದೇ ನಮಗೆ ತಿಳಿಯದು. ಅದು ಕೆಟ್ಟಾಗ ಮಾತ್ರ ಒಂದು ತುತ್ತು ಅನ್ನವೂ ದೊಡ್ಡ ಸಾಹಸವಾಗುತ್ತದೆ. ಕೆಲವರಿಗೆ ಒಂದು ಬೆಳಗ್ಗೆ ಎದ್ದಾಗ ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಬಾಗಿಲಿಗೆ ಬೀಗ ಬಿದ್ದಂತೆ ದವಡೆ ನಿಂತುಬಿಡುತ್ತದೆ. ಈ ಬೀಗವನ್ನು ತೆಗೆಯಲು ಎಷ್ಟು ಕೊಯ್ಯಬೇಕು? ನೂರಕ್ಕೂ ಹೆಚ್ಚು ವರ್ಷಗಳಿಂದ ಶಸ್ತ್ರವೈದ್ಯರು ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಬಂದಿದ್ದಾರೆ. ದೊಡ್ಡ ಗಾಯದಿಂದ ಸಣ್ಣ ರಂಧ್ರಕ್ಕೆ, ರಂಧ್ರದಿಂದ ಬರಿಯ ಸೂಜಿಗೆ ಅವರು ಇಳಿದು ಬಂದ ಬಗೆಯನ್ನೂ, ಆ ಇಳಿಕೆಯಿಂದ ರೋಗದ ಸ್ವರೂಪವೇ ಹೊಸದಾಗಿ ತಿಳಿದುಬಂದ ರೀತಿಯನ್ನೂ ಈ ಲೇಖನದಲ್ಲಿ ನೋಡೋಣ.

ಎರಡು ಅಂತಸ್ತಿನ ಕೀಲು

ಮೊಣಕೈಯ ಕೀಲು ಬಾಗಿಲಿನ ತಿರುಗಣಿಯಂತೆ ಮಡಚಿ ಬಿಚ್ಚುತ್ತದೆ. ದವಡೆಯ ಕೀಲಿನದು ಅಷ್ಟು ಸರಳವಾದ ಚಲನೆಯಲ್ಲ. ಬಾಯಿಯನ್ನು ಸ್ವಲ್ಪ ತೆರೆಯುವಾಗ ದವಡೆಯ ತಲೆ ಇದ್ದಲ್ಲಿಯೇ ತಿರುಗುತ್ತದೆ. ಇನ್ನೂ ಅಗಲವಾಗಿ ತೆರೆಯುವಾಗ ಮೇಜಿನ ಖಾನೆಯನ್ನು ಎಳೆದಂತೆ ಅದು ತನ್ನ ಗುಳಿಯನ್ನು ಬಿಟ್ಟು ಮುಂದಿನ ದಿಬ್ಬದ ಮೇಲಕ್ಕೆ ಜಾರುತ್ತದೆ. ತಿರುಗುವುದು, ಜಾರುವುದು ಎಂಬ ಎರಡು ಕೆಲಸಗಳನ್ನೂ ಒಂದೇ ಕೀಲು ಮಾಡಬೇಕು. ಅದೂ ಸಾಲದೆಂಬಂತೆ, ಕೆಳದವಡೆ ಒಂದೇ ಎಲುಬಾದುದರಿಂದ ಎಡಬಲಗಳ ಎರಡು ಕೀಲುಗಳೂ ಜೋಡೆತ್ತುಗಳಂತೆ ಜೊತೆಯಾಗಿಯೇ ನಡೆಯಬೇಕು. ಒಂದು ನಿಂತರೆ ಇನ್ನೊಂದಕ್ಕೂ ದಾರಿಯಿಲ್ಲ.

ಈ ಇಬ್ಬಗೆಯ ಚಲನೆಗಾಗಿ ಪ್ರಕೃತಿ ಮಾಡಿರುವ ಏರ್ಪಾಡು ಸೊಗಸಾದುದು. ದವಡೆಯ ತಲೆಗೂ ಬುರುಡೆಯ ಗುಳಿಗೂ ನಡುವೆ ಗಟ್ಟಿಯಾದ ನಾರಿನಿಂದಾದ ಒಂದು ಬಿಲ್ಲೆಯಿದೆ. ಅದರ ಅಂಚು ದಪ್ಪ, ನಡುಭಾಗ ತೆಳು. ಈ ಬಿಲ್ಲೆ ಕೀಲನ್ನು ಎರಡು ಅಂತಸ್ತುಗಳಾಗಿ ವಿಭಾಗಿಸುತ್ತದೆ. ಕೆಳಗಿನ ಅಂತಸ್ತಿನಲ್ಲಿ ತಿರುಗುವ ಕೆಲಸ, ಮೇಲಿನ ಅಂತಸ್ತಿನಲ್ಲಿ ಜಾರುವ ಕೆಲಸ. ಎರಡರಲ್ಲಿಯೂ ಕೀಲುದ್ರವವೆಂಬ ಜಿಗುಟಾದ ದ್ರವವು ಯಂತ್ರಕ್ಕೆ ಬಿಟ್ಟ ಎಣ್ಣೆಯಂತೆ ಇರುತ್ತದೆ. ಇವು ಎಷ್ಟು ಚಿಕ್ಕ ಕೋಣೆಗಳೆಂದರೆ, ಮೇಲಿನದು ಹಿಡಿಸುವುದು ಸುಮಾರು ೧.೨ ಮಿಲಿಲೀಟರ್ ದ್ರವವನ್ನು. ಎಂದರೆ ಚಹಾ ಚಮಚದ ಕಾಲು ಭಾಗ. ಇನ್ನೊಂದು ವಿಷಯವನ್ನು ನೆನಪಿಡಬೇಕು. ಬಿಲ್ಲೆಯ ನಡುಭಾಗದಲ್ಲಿ ರಕ್ತನಾಳಗಳೂ ಇಲ್ಲ, ನರಗಳೂ ಇಲ್ಲ. ಅದರ ಹಿಂದಿರುವ ಮೆತ್ತನೆಯ ಅಂಗಾಂಶದಲ್ಲಿ ಎರಡೂ ಹೇರಳವಾಗಿವೆ.

ಕೀಲು ಕೆಡುವ ಬಗೆ

ಬಿಲ್ಲೆ ತನ್ನ ಸ್ಥಾನದಿಂದ ಮುಂದಕ್ಕೆ ಸರಿಯುವುದುಂಟು. ಆಗ ದವಡೆಯ ತಲೆ ಮುಂದೆ ಬರುವಾಗ ಬಿಲ್ಲೆಯ ದಪ್ಪ ಅಂಚನ್ನು ಹತ್ತಿ ದಾಟಬೇಕಾಗುತ್ತದೆ. ದಾಟುವಾಗ ‘ಕಟಕ್’ ಎಂಬ ಸದ್ದು ಕೇಳಿಸುತ್ತದೆ. ನೋವಿಲ್ಲದ ಬರಿಯ ಸದ್ದಿಗೆ ಯಾವ ಚಿಕಿತ್ಸೆಯೂ ಬೇಕಿಲ್ಲ. ಆದರೆ ಕೆಲವರಲ್ಲಿ ಒಂದು ದಿನ ಸದ್ದು ನಿಲ್ಲುತ್ತದೆ, ಅದರೊಡನೆ ಬಾಯಿಯೂ ನಿಲ್ಲುತ್ತದೆ. ದವಡೆಯ ತಲೆಗೆ ಬಿಲ್ಲೆಯನ್ನು ದಾಟಲಾಗುವುದಿಲ್ಲ; ತಿರುಗುವುದು ಮಾತ್ರ ಉಳಿದು ಜಾರುವುದು ಕೊನೆಗೊಳ್ಳುತ್ತದೆ. ಆರೋಗ್ಯವಂತನ ಬಾಯಿ ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ಸುಮಾರು ೪೦ರಿಂದ ೫೦ ಮಿಲಿಮೀಟರುಗಳಷ್ಟು ತೆರೆಯುತ್ತದೆ. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಬಹುದು. ಬೀಗ ಬಿದ್ದವನಿಗೆ ೩೦ ಮಿಲಿಮೀಟರುಗಳೂ ಕಷ್ಟವಾಗಬಹುದು; ತೆರೆಯುವಾಗ ಗದ್ದವು ಕೆಟ್ಟ ಕೀಲಿನ ಕಡೆಗೆ ವಾಲುತ್ತದೆ.

ಇದಲ್ಲದೆ ಕೀಲು ಸವೆಯುವ ಸಂಧಿವಾತವೂ ಇದೆ. ಆದರೆ ದವಡೆ ನೋಯುತ್ತದೆಂದು ಬರುವವರಲ್ಲಿ ಬಹುಮಂದಿಗೆ ತೊಂದರೆಯಿರುವುದು ಜಗಿಯುವ ಸ್ನಾಯುಗಳಲ್ಲಿ, ಕೀಲಿನೊಳಗಲ್ಲ. ಅಂಥವರ ಕೀಲಿಗೆ ಸೂಜಿ ಚುಚ್ಚಿ ಪ್ರಯೋಜನವಿಲ್ಲ. ನಮ್ಮ ನಾಡಿನಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ಅಡಿಕೆಯನ್ನು, ಅಡಿಕೆ ಬೆರೆಸಿದ ಗುಟ್ಕಾವನ್ನು ಬಹುಕಾಲ ಅಗಿಯುವವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿದು ಬಾಯಿ ತೆರೆಯದಂತಾಗುತ್ತದೆ. ಅದು ಕೀಲಿನ ರೋಗವಲ್ಲ. ಕ್ಯಾನ್ಸರಿಗೆ ತಿರುಗಬಹುದಾದ ಬೇರೆಯೇ ರೋಗ. ಬೀಗ ಎಲ್ಲಿದೆಯೆಂದು ತಿಳಿಯದೆ ಬೀಗದ ಕೈ ಹುಡುಕುವುದು ವ್ಯರ್ಥ.

ಕೊಯ್ದು ತೆರೆದ ಕಾಲ

೧೮೮೭ರಲ್ಲಿ ಎಡಿನ್‌ಬರೋದ ಶಸ್ತ್ರವೈದ್ಯ ಥಾಮಸ್ ಅನಾಂಡೇಲ್ ದವಡೆಯ ಕೀಲನ್ನು ಕೊಯ್ದು ತೆರೆದು, ಸರಿದ ಬಿಲ್ಲೆಯನ್ನು ಸ್ವಸ್ಥಾನಕ್ಕೆ ತಂದು ಹೊಲಿದುದನ್ನು ವರದಿ ಮಾಡಿದನು. ಅವನ ತರ್ಕ ಸರಳವಾಗಿತ್ತು: ಬಿಲ್ಲೆ ಸರಿದುದೇ ರೋಗ, ಅದನ್ನು ಹಿಂದಕ್ಕೆ ತರುವುದೇ ಚಿಕಿತ್ಸೆ. ಮುಂದೆ ಕೆಲವರು ಬಿಲ್ಲೆಯನ್ನು ಹೊಲಿದರು, ಕೆಲವರು ಕಿತ್ತೇ ಹಾಕಿದರು. ಆದರೆ ತರ್ಕ ಮಾತ್ರ ಬಹುಕಾಲ ಹಾಗೆಯೇ ಉಳಿಯಿತು.

ಈ ಸ್ಥಳದಲ್ಲಿ ಕತ್ತಿಯಾಡಿಸುವುದು ಸುಲಭವಲ್ಲ. ಹುಬ್ಬೇರಿಸಲು, ಕಣ್ಣು ಮುಚ್ಚಲು ಬೇಕಾದ ಮುಖದ ನರದ ಕವಲುಗಳು ಕೀಲಿನ ಪಕ್ಕದಲ್ಲಿಯೇ ಹಾದುಹೋಗುತ್ತವೆ. ಹಿಂದೆ ಕಿವಿಯ ನಾಳ. ಮೇಲೆ ಗುಳಿಯ ತೆಳುವಾದ ಎಲುಬು, ಅದರ ಆಚೆಗೆ ಮೆದುಳು. ಕೊಯ್ದ ಗಾಯ ಮಾಯುವಾಗ ಹುಟ್ಟುವ ನಾರು ಕೀಲನ್ನು ಮತ್ತೆ ಬಿಗಿಯಬಹುದು.

ಅತಿಯಾದ ಉತ್ಸಾಹ ಎಂತಹ ಅನಾಹುತವನ್ನು ತಂದೀತೆಂಬುದಕ್ಕೂ ಈ ಕೀಲಿನ ಚರಿತ್ರೆಯಲ್ಲಿ ಉದಾಹರಣೆಯಿದೆ. ೧೯೮೦ರ ದಶಕದಲ್ಲಿ ಅಮೆರಿಕದಲ್ಲಿ ಸಾವಿರಾರು ರೋಗಿಗಳ ಬಿಲ್ಲೆಯನ್ನು ತೆಗೆದು ಆ ಜಾಗದಲ್ಲಿ ಟೆಫ್ಲಾನ್ ಸೇರಿದ ಕೃತಕ ಬಿಲ್ಲೆಯನ್ನು ಇಡಲಾಯಿತು. ಜಗಿತದ ಒತ್ತಡಕ್ಕೆ ಸಿಕ್ಕಿ ಅವು ಸವೆದು ಚೂರಾದುವು. ಆ ಕಣಗಳನ್ನು ಹೊರಹಾಕಲು ದೇಹ ನಡೆಸಿದ ಹೋರಾಟದಲ್ಲಿ ಸುತ್ತಲಿನ ಎಲುಬೇ ಕರಗತೊಡಗಿತು. ೧೯೯೦ರ ಕೊನೆಯಲ್ಲಿ ಆ ದೇಶದ ಆಹಾರ ಮತ್ತು ಔಷಧ ಆಡಳಿತವು ವೈದ್ಯರಿಗೆ ಎಚ್ಚರಿಕೆ ಹೊರಡಿಸಬೇಕಾಯಿತು. ಬೀಗ ತೆಗೆಯಲು ಹೋಗಿ ಬಾಗಿಲನ್ನೇ ಕಳೆದುಕೊಂಡಂತಾಯಿತು ಹಲವರ ಪಾಡು.

ಕೀಲಿನೊಳಗೊಂದು ಕಣ್ಣು

ಈ ನಡುವೆ ಬೇರೊಂದು ದಾರಿ ಜಪಾನಿನಲ್ಲಿ ತೆರೆದುಕೊಂಡಿತ್ತು. ೧೯೧೮ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಎಂಬ ವೈದ್ಯನು ಮೂತ್ರಕೋಶವನ್ನು ನೋಡುವ ನಳಿಗೆಯನ್ನು ಶವವೊಂದರ ಮೊಣಕಾಲಿನೊಳಗೆ ತೂರಿಸಿ ಕೀಲಿನ ಒಳಭಾಗವನ್ನು ನೋಡಿದನು. ಅವನ ಶಿಷ್ಯ ಮಸಾಕಿ ವತನಾಬೆ ಈ ನಳಿಗೆಗಳನ್ನು ಸುಧಾರಿಸಿ ಮೊಣಕಾಲಿನ ಚಿಕಿತ್ಸೆಗೆ ತಂದನು. ಸಣ್ಣ ಕೀಲುಗಳಿಗೆ ಒಗ್ಗುವ, ಸುಮಾರು ೨ ಮಿಲಿಮೀಟರ್ ದಪ್ಪದ ನಳಿಗೆಗಳು ತಯಾರಾದ ಮೇಲೆ ಮಸಾತೋಶಿ ಓನಿಶಿ ದವಡೆಯ ಕೀಲಿನೊಳಕ್ಕೆ ಇಣುಕಿ ನೋಡಿ, ೧೯೭೫ರಲ್ಲಿ ತನ್ನ ಅನುಭವವನ್ನು ಪ್ರಕಟಿಸಿದನು. ಇದೇ ದವಡೆಯ ಆರ್ಥ್ರೋಸ್ಕೋಪಿ, ಕನ್ನಡದಲ್ಲಿ ಕೀಲುದರ್ಶನವೆನ್ನಬಹುದು.

ಕೀಲುದರ್ಶನಕ್ಕೆ ಸಾಮಾನ್ಯವಾಗಿ ರೋಗಿಯನ್ನು ಪೂರ್ಣ ಅರಿವಳಿಕೆಗೆ ಒಳಪಡಿಸುತ್ತಾರೆ. ಕಿವಿಯ ಮುಂದೆ ಒಂದು ಸಣ್ಣ ರಂಧ್ರದ ಮೂಲಕ ನಳಿಗೆಯನ್ನು ಮೇಲಂತಸ್ತಿಗೆ ಇಳಿಸುತ್ತಾರೆ. ಲವಣದ್ರಾವಣ ಹರಿಸಿ ಕೋಣೆಯನ್ನು ಉಬ್ಬಿಸಿದಾಗ ಒಳಗಿನ ದೃಶ್ಯ ದೂರದರ್ಶನದ ಪರದೆಯ ಮೇಲೆ ಮೂಡುತ್ತದೆ. ಕೆಂಪೇರಿದ ಒಳಪದರ, ಜೇಡರ ಬಲೆಯಂತೆ ಹಬ್ಬಿದ ಅಂಟುನಾರುಗಳು, ಸವೆದ ಬಿಲ್ಲೆ ಎಲ್ಲವನ್ನೂ ನೇರವಾಗಿ ಕಾಣಬಹುದು. ಅಂಟುನಾರುಗಳನ್ನು ಬಿಡಿಸಿ ಕೋಣೆಯನ್ನು ತೊಳೆಯುವುದು ಇದರ ಮೊದಲ ಮೆಟ್ಟಿಲು. ಎರಡನೆಯ ರಂಧ್ರ ಮಾಡಿ ಸಣ್ಣ ಉಪಕರಣಗಳಿಂದ ಕತ್ತರಿಸುವುದು, ಪರೀಕ್ಷೆಗಾಗಿ ಚೂರು ತೆಗೆಯುವುದು ಎರಡನೆಯದು. ಬಿಲ್ಲೆಯನ್ನು ಹಿಂದಕ್ಕೆ ತಂದು ಹೊಲಿಯುವುದು ಮೂರನೆಯದು. ಅದಕ್ಕೆ ಬಹಳ ಪಳಗಿದ ಕೈ ಬೇಕು.

ಒಂದು ವಿಚಿತ್ರ ಸಂಗತಿ

೧೯೮೦ರ ದಶಕದಲ್ಲಿ ಬೀಗ ಬಿದ್ದ ಕೀಲುಗಳಿಗೆ ಕೀಲುದರ್ಶನ ಮಾಡಿದ ವೈದ್ಯರಿಗೆ ಅಚ್ಚರಿಯೊಂದು ಕಾದಿತ್ತು. ಮೊದಲ ಮೆಟ್ಟಿಲಿನ ಚಿಕಿತ್ಸೆ, ಎಂದರೆ ಬಿಡಿಸಿ ತೊಳೆದುದು ಮಾತ್ರ, ಆದ ಮೇಲೆ ಅನೇಕ ರೋಗಿಗಳ ಬಾಯಿ ಚೆನ್ನಾಗಿ ತೆರೆಯಿತು, ನೋವೂ ಇಳಿಯಿತು. ಆ ವೇಳೆಗೆ ಮೆತ್ತನೆಯ ಅಂಗಾಂಶಗಳನ್ನು ತೋರಿಸುವ ಎಂ.ಆರ್.ಐ. ಚಿತ್ರಗಳೂ ಬಳಕೆಗೆ ಬಂದಿದ್ದುವು. ಗುಣವಾದವರ ಚಿತ್ರ ತೆಗೆದು ನೋಡಿದರೆ, ಬಿಲ್ಲೆ ಮೊದಲು ಸರಿದಿದ್ದಲ್ಲಿಯೇ ಇತ್ತು!

ಹಾಗಾದರೆ ಗುಣವಾದದ್ದು ಹೇಗೆ? ಬಿಲ್ಲೆ ಸರಿದುದೇ ರೋಗವೆಂಬ ಹಳೆಯ ತರ್ಕದಿಂದ ಇದಕ್ಕೆ ಉತ್ತರ ದೊರೆಯದು. ಯಾವ ತೊಂದರೆಯೂ ಇಲ್ಲದ ಜನರ ಚಿತ್ರ ತೆಗೆದಾಗಲೂ ಸುಮಾರು ಮೂರರಲ್ಲೊಂದು ಪಾಲು ಮಂದಿಯಲ್ಲಿ ಬಿಲ್ಲೆ ಸರಿದಿರುವುದು ಕಂಡುಬಂದಿತು. ಬಿಲ್ಲೆಯ ಹಿಂದಿನ ಅಂಗಾಂಶವೇ ಒತ್ತಡಕ್ಕೆ ಹೊಂದಿಕೊಂಡು, ಗಟ್ಟಿಯಾಗಿ, ಬಿಲ್ಲೆಯ ಕೆಲಸವನ್ನು ತಕ್ಕಮಟ್ಟಿಗೆ ವಹಿಸಿಕೊಳ್ಳಬಲ್ಲುದು. ಆದ್ದರಿಂದ ಬಿಲ್ಲೆ ಎಲ್ಲಿದೆ ಎಂಬುದಕ್ಕಿಂತ ಅದು ಚಲಿಸುತ್ತದೆಯೇ ಎಂಬುದೇ ಮುಖ್ಯವಾಯಿತು.

ಎರಡು ಸೂಜಿಗಳು

ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋದವಳು ಜೆರುಸಲೇಮಿನ ಶಸ್ತ್ರವೈದ್ಯೆ ಡೊರಿಟ್ ನಿಟ್ಸಾನ್. ತೊಳೆದುದರಿಂದಲೇ ಗುಣವಾಗುವುದಾದರೆ ನೋಡುವ ನಳಿಗೆಯೂ ಏಕೆ? ನೀರು ಒಳಗೆ ಹೋಗಲು ಒಂದು ಸೂಜಿ, ಹೊರಗೆ ಬರಲು ಒಂದು ಸೂಜಿ ಸಾಲದೇ? ಆಕೆ ಅಮೆರಿಕದ ಫ್ರಾಂಕ್ಲಿನ್ ಡೋಲ್ವಿಕ್ ಮೊದಲಾದವರೊಡನೆ ಈ ವಿಧಾನವನ್ನು ೧೯೯೧ರಲ್ಲಿ ಪ್ರಕಟಿಸಿದಳು. ಇದಕ್ಕೆ ಆರ್ಥ್ರೋಸೆಂಟಿಸಿಸ್ ಎಂದು ಹೆಸರು. ನಾವು ಕೀಲುತೊಳೆತ ಎನ್ನೋಣ.

ಇದರ ಕ್ರಮ ಹೀಗಿದೆ. ಕಣ್ಣಿನ ಹೊರತುದಿಯಿಂದ ಕಿವಿಯ ಮುಂದಿನ ಸಣ್ಣ ಮೃದ್ವಸ್ಥಿಯವರೆಗೆ ಚರ್ಮದ ಮೇಲೆ ಒಂದು ಗೆರೆ ಎಳೆಯುತ್ತಾರೆ. ಆ ಗೆರೆಯಲ್ಲಿ ಕಿವಿಯಿಂದ ೧೦ ಮಿಲಿಮೀಟರ್ ಮುಂದೆ, ೨ ಮಿಲಿಮೀಟರ್ ಕೆಳಗೆ ಮೊದಲ ಸೂಜಿಗೆ ಗುರುತು; ೨೦ ಮಿಲಿಮೀಟರ್ ಮುಂದೆ, ೧೦ ಮಿಲಿಮೀಟರ್ ಕೆಳಗೆ ಎರಡನೆಯದಕ್ಕೆ. ಆ ಜಾಗವನ್ನಷ್ಟೇ ಮರಗಟ್ಟಿಸುವ ಮದ್ದು ಹೆಚ್ಚಿನವರಿಗೆ ಸಾಕಾಗುತ್ತದೆ. ಮೊದಲ ಸೂಜಿಯಿಂದ ದ್ರವವನ್ನು ಒತ್ತಿ ಮೇಲಂತಸ್ತನ್ನು ಉಬ್ಬಿಸಿ, ಅನಂತರ ಎರಡನೆಯ ಸೂಜಿಯಿಂದ ಅದು ಹೊರಹರಿಯುವಂತೆ ಮಾಡುತ್ತಾರೆ. ಒಟ್ಟು ೧೦೦ರಿಂದ ೩೦೦ ಮಿಲಿಲೀಟರ್ ದ್ರಾವಣ ಹರಿಯುವುದು ವಾಡಿಕೆ. ಕಾಲು ಚಮಚದಷ್ಟು ಹಿಡಿಸುವ ಕೋಣೆಯನ್ನು ಲೋಟದಷ್ಟು ನೀರಿನಿಂದ ತೊಳೆದಂತೆ! ಕೊನೆಗೆ ವೈದ್ಯರು ದವಡೆಯನ್ನು ಕೈಯಿಂದ ಮೆಲ್ಲನೆ ಚಲಿಸಿ ಬೀಗವನ್ನು ಸಡಿಲಿಸುತ್ತಾರೆ. ಅರ್ಧ ಗಂಟೆಯೊಳಗಿನ ಕೆಲಸ. ರೋಗಿ ಸಾಮಾನ್ಯವಾಗಿ ಅಂದೇ ಮನೆಗೆ ಹೋಗಬಹುದು.

ಇದರಿಂದ ಆಗುವ ಉಪಕಾರ ಎರಡು ಬಗೆಯದು. ಒದ್ದೆಯಾದ ಎರಡು ಗಾಜಿನ ಹಲಗೆಗಳನ್ನು ಒಂದರ ಮೇಲೊಂದಿಟ್ಟು ಎತ್ತಲು ಯತ್ನಿಸಿ, ಅವು ಬಿಡುವುದಿಲ್ಲ. ಅಂಚಿನಿಂದ ನೀರನ್ನು ನುಗ್ಗಿಸಿದರೆ ಕೂಡಲೇ ಬೇರೆಯಾಗುತ್ತವೆ. ಕೀಲುದ್ರವದ ಜಾರುವ ಗುಣ ಕೆಟ್ಟಾಗ ಬಿಲ್ಲೆಯೂ ಹೀಗೆಯೇ ಗುಳಿಗೆ ಕಚ್ಚಿಕೊಳ್ಳುವುದೆಂದು ನಿಟ್ಸಾನ್ ವಿವರಿಸಿದಳು. ಎರಡನೆಯದಾಗಿ, ಉರಿಯೂತದಿಂದ ಸೇರಿದ, ನೋವು ಹುಟ್ಟಿಸುವ ವಸ್ತುಗಳು ದ್ರವದೊಡನೆ ಹೊರಬೀಳುತ್ತವೆ.

ಯಾವುದು ಮೇಲು?

ಎರಡು ವಿಧಾನಗಳನ್ನೂ ತಕ್ಕಡಿಯಲ್ಲಿಟ್ಟು ನೋಡೋಣ. ಕೀಲುತೊಳೆತಕ್ಕೆ ವೆಚ್ಚ ಕಡಿಮೆ, ಉಪಕರಣ ಸರಳ. ಪೂರ್ಣ ಅರಿವಳಿಕೆಯ ಅಗತ್ಯ ಕಡಿಮೆ. ಆದರೆ ಅದು ಕುರುಡು ವಿಧಾನ. ಸೂಜಿಯ ತುದಿಯಲ್ಲಿ ಕಣ್ಣಿಲ್ಲ. ಗಟ್ಟಿಯಾದ ಅಂಟುನಾರನ್ನು ಬರಿಯ ನೀರು ಬಿಡಿಸಲಾರದು. ಕೀಲಿನೊಳಗೆ ಸಣ್ಣ ಮೃದ್ವಸ್ಥಿಯ ಹರಳುಗಳು ಬೆಳೆಯುವಂಥ ಅಪರೂಪದ ರೋಗವಿದ್ದರೆ ಅದನ್ನು ಗುರುತಿಸಲೂ ಆರದು. ಕೀಲುದರ್ಶನಕ್ಕೆ ಇವೆಲ್ಲ ಸಾಧ್ಯ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಹೆಚ್ಚಿನ ವೆಚ್ಚ, ದುಬಾರಿ ಉಪಕರಣ, ವಿಶೇಷ ತರಬೇತಿ. ಎರಡರಲ್ಲಿಯೂ ಅಪಾಯ ಅಲ್ಪವೇ: ಊತ, ಕೆಲಕಾಲದ ಮರಗಟ್ಟುವಿಕೆ, ಮುಖದ ನರದ ತಾತ್ಕಾಲಿಕ ದುರ್ಬಲತೆ, ಅಪರೂಪಕ್ಕೆ ಕಿವಿಗೆ ಏಟು.

ಫಲಿತಾಂಶದಲ್ಲಿ ವ್ಯತ್ಯಾಸವಿದೆಯೇ? ೧೯೯೬ರಲ್ಲಿ ಅಮೆರಿಕದ ಫ್ರಿಡ್ರಿಕ್ ಮತ್ತು ಸಂಗಡಿಗರು ೧೯ ಮಂದಿ ರೋಗಿಗಳಲ್ಲಿ ಇವೆರಡನ್ನೂ ಹೋಲಿಸಿದರು. ಕೀಲುದರ್ಶನದಲ್ಲಿ ಯಶಸ್ಸು ಶೇಕಡ ೮೨, ಕೀಲುತೊಳೆತದಲ್ಲಿ ಶೇಕಡ ೭೫. ಅಂಕಿಗಳನ್ನು ಮಾತ್ರ ನೋಡಿದವನು ಕೀಲುದರ್ಶನವೇ ಗೆದ್ದಿತೆಂದಾನು. ಆದರೆ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ. ೧೧ರಲ್ಲಿ ೯ ಎಂದರೆ ಶೇಕಡ ೮೨. ೮ರಲ್ಲಿ ೬ ಎಂದರೆ ಶೇಕಡ ೭೫. ಎರಡನೆಯ ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಗುಣವಾಗಿದ್ದರೆ ಅದು ಶೇಕಡ ೮೭ನ್ನು ದಾಟಿ ಗೆಲುವು ಅದರ ಪಾಲಾಗುತ್ತಿತ್ತು! ಸಣ್ಣ ಗುಂಪಿನ ಶೇಕಡಾವಾರನ್ನು ನಂಬಿ ತೀರ್ಪು ಕೊಡಲಾಗದು. ಆ ವ್ಯತ್ಯಾಸಕ್ಕೆ ಅರ್ಥವಿಲ್ಲವೆಂದೇ ಸಂಶೋಧಕರೂ ಹೇಳಿದರು. ಮುಂದೆ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೫ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ನೋವು ಇಳಿಸುವುದರಲ್ಲಿಯೂ ಬಾಯಿ ತೆರೆಸುವುದರಲ್ಲಿಯೂ ಕೀಲುದರ್ಶನ ಸ್ವಲ್ಪ ಮೇಲೆಂದೂ, ತೊಡಕುಗಳು ಎರಡರಲ್ಲಿಯೂ ಸರಿಸುಮಾರು ಸಮವೆಂದೂ ಕಂಡುಬಂದಿತು.

ಸೂಜಿಗೂ ಮೊದಲು

ಇಷ್ಟಕ್ಕೆ ಹೋಲಿಕೆ ಮುಗಿಯಿತೆಂದರೆ ಅತಿ ಮುಖ್ಯವಾದ ಸ್ಪರ್ಧಿಯನ್ನೇ ಮರೆತಂತಾಗುತ್ತದೆ. ಅದು ಶಸ್ತ್ರವಿಲ್ಲದ ಚಿಕಿತ್ಸೆ. ೨೦೦೭ರಲ್ಲಿ ಅಮೆರಿಕದ ಷಿಫ್‌ಮನ್ ಮತ್ತು ಸಂಗಡಿಗರು ಬೀಗ ಬಿದ್ದ ದವಡೆಯ ೧೦೬ ರೋಗಿಗಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪುಗಳಿಗೆ ಹಂಚಿ, ಐದು ವರ್ಷಗಳವರೆಗೆ ಗಮನಿಸಿದ ಫಲವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಔಷಧ ಮತ್ತು ಸಲಹೆ, ಎರಡನೆಯದಕ್ಕೆ ವ್ಯಾಯಾಮ ಮೊದಲಾದ ಪುನಶ್ಚೇತನ ಚಿಕಿತ್ಸೆ, ಮೂರನೆಯದಕ್ಕೆ ಕೀಲುದರ್ಶನ, ನಾಲ್ಕನೆಯದಕ್ಕೆ ಕೊಯ್ದು ಮಾಡುವ ಶಸ್ತ್ರಕ್ರಿಯೆ. ನಾಲ್ಕು ಗುಂಪುಗಳೂ ಸುಧಾರಿಸಿದುವು. ಅವುಗಳೊಳಗೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಫಲ ಒಂದೇ ಆದರೆ ಕತ್ತಿಯಿಂದ ಪ್ರಾರಂಭಿಸಬೇಕೇಕೆ?

೨೦೨೩ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಇನ್ನೂ ಮುಂದೆ ಹೋಯಿತು. ಮೂರು ತಿಂಗಳು ಮೀರಿದ ದವಡೆನೋವಿಗೆ ತಜ್ಞರ ನೆರವಿನ ದವಡೆಯ ವ್ಯಾಯಾಮ, ಕೈಯಿಂದ ಮಾಡುವ ಚಿಕಿತ್ಸೆ, ನೋವನ್ನು ಎದುರಿಸುವ ಮನಶ್ಶಿಕ್ಷಣ ಇವುಗಳನ್ನು ಅದು ಬಲವಾಗಿ ಸಮರ್ಥಿಸಿತು; ಬಿಲ್ಲೆಯನ್ನು ತೆಗೆದುಹಾಕುವುದನ್ನು ಬಲವಾಗಿ ವಿರೋಧಿಸಿತು; ಕೀಲುತೊಳೆತವನ್ನು ಸಹ ಸಾಮಾನ್ಯವಾಗಿ ಬೇಡವೆಂದಿತು. ನೆನಪಿಡಬೇಕಾದುದೇನೆಂದರೆ, ಅದರ ವಿಷಯ ದೀರ್ಘಕಾಲದ ನೋವು. ಬಾಯಿ ಹಠಾತ್ತನೆ ಮುಚ್ಚಿಕೊಂಡು ವ್ಯಾಯಾಮಕ್ಕೂ ಬಗ್ಗದ ರೋಗಿಯಲ್ಲಿ ಸೂಜಿಯ ಚಿಕಿತ್ಸೆಗೆ ಈಗಲೂ ಸ್ಥಾನವಿದೆಯೆಂದು ಅನೇಕ ಶಸ್ತ್ರವೈದ್ಯರು ಹೇಳುತ್ತಾರೆ. ಈ ವಿಷಯದಲ್ಲಿ ಚರ್ಚೆ ಮುಗಿದಿಲ್ಲ.

ಹೀಗೆ ನಮ್ಮ ಮುಂದಿರುವುದು ಒಂದು ಏಣಿ. ಅದರ ಮೊದಲ ಮೆಟ್ಟಿಲು ಮೆತ್ತನೆಯ ಆಹಾರ, ಬಿಸಿ ಶಾಖ, ದವಡೆಗೆ ವಿಶ್ರಾಂತಿ, ಕ್ರಮವಾದ ವ್ಯಾಯಾಮ. ಅದರಿಂದ ಗುಣ ಕಾಣದೆ, ತೊಂದರೆ ಕೀಲಿನೊಳಗೇ ಇದೆಯೆಂದು ಖಚಿತವಾದಾಗ ಎರಡು ಸೂಜಿಗಳು. ಅವೂ ಸೋತಾಗ, ಇಲ್ಲವೆ ಒಳಗೆ ನೋಡಲೇಬೇಕಾದ ಕಾರಣವಿದ್ದಾಗ ಕೀಲುದರ್ಶನ. ಕೀಲು ಪೂರ್ತಿಯಾಗಿ ಹಾಳಾದ ಕೆಲವರಿಗೆ ಮಾತ್ರ ಕೊನೆಯ ಮೆಟ್ಟಿಲಾದ ದೊಡ್ಡ ಶಸ್ತ್ರಕ್ರಿಯೆ. ಯಾವ ಮೆಟ್ಟಿಲಿನಲ್ಲಿ ನಿಂತರೂ ವ್ಯಾಯಾಮವನ್ನು ಬಿಡುವಂತಿಲ್ಲ. ತೊಳೆದು ಬಿಡಿಸಿದ ಕೀಲನ್ನು ದಿನದಿನವೂ ಆಡಿಸದಿದ್ದರೆ ಅದು ಮತ್ತೆ ಕಚ್ಚಿಕೊಳ್ಳಬಹುದು.

ಅನಾಂಡೇಲನ ಕಾಲದಿಂದ ವೈದ್ಯರು ಬಿಲ್ಲೆಯನ್ನು ಅದರ ಜಾಗಕ್ಕೆ ತರಲು ಹೆಣಗಿದರು. ಜಾಗಕ್ಕಿಂತ ಚಲನೆ ದೊಡ್ಡದೆಂದು ಕೊನೆಗೆ ತೋರಿಸಿಕೊಟ್ಟುದು ಕಾಲು ಚಮಚದಷ್ಟು ಹಿಡಿಸುವ ಒಂದು ಕೋಣೆಯಲ್ಲಿ ಹರಿದ ಉಪ್ಪುನೀರು.